ಮೂರು ಬೆರಳಿನ ಅಳತೆ

ಬೇಕರಿಯ ಹಿಂದೆಯೇ ಮನೆ. ನಡುವೆ ಒಂದು ಬಾಗಿಲು, ಬಾಗಿಲಿಗೆ ಒಂದು ಪರದೆ. ಪರದೆಯ ಒಳಗೆ ಅತ್ತೆ ಹಿಟ್ಟು ನಾದುತ್ತಿದ್ದಳು, ಹೊರಗೆ ಸೊಸೆ ಕೌಂಟರಿನಲ್ಲಿ ನಿಂತು ಬ್ರೆಡ್ಡು ಕಟ್ಟಿಕೊಡುತ್ತಿದ್ದಳು. ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಮಾತು ಬಿಡಬಹುದು, ಕೆಲಸ ಬಿಡುವುದು ಹೇಗೆ? ಬನ್ನು ಮುಗಿದರೆ ಸೊಸೆ ತಕ್ಕಡಿಯ ಕಡೆ ತಿರುಗಿ, ಬನ್ನು ಖಾಲಿಯಾಗಿರುವುದು ಒಳಗಿನವರಿಗೆ ಗೊತ್ತಾದರೆ ಒಳ್ಳೆಯದಿತ್ತು ಎನ್ನುತ್ತಿದ್ದಳು. ಅತ್ತೆ ಹಿಟ್ಟಿನ ಹಲಗೆಗೆ ಉತ್ತರ ಕೊಡುತ್ತಿದ್ದಳು: ಒಲೆಯಲ್ಲಿದೆ, ಅವಸರ ಮಾಡಿದರೆ ಬೆಂಕಿ ಹೆದರಿಕೊಂಡು ಬೇಗ ಬೇಯಿಸುವುದಿಲ್ಲ. ತಕ್ಕಡಿ, ಹಲಗೆ ಎರಡೂ ಪಾಪ, ಕೇಳಬಾರದ್ದನ್ನೆಲ್ಲ ಕೇಳಿದ್ದವು. ಸಂಜೆ ಮೊಮ್ಮಗಳು ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬಂದಮೇಲೆ ಉಳಿದ ಮಾತೆಲ್ಲ ಅವಳ ತಲೆಗೆ. ನಿಮ್ಮಜ್ಜಿಗೆ ಹೇಳು ಎಂದು ಇವಳು, ನಿಮ್ಮಮ್ಮನಿಗೆ ಹೇಳು ಎಂದು ಅವಳು. ಹೇಳಿದ್ದನ್ನು ಹೇಳಿದ ಹಾಗೇ ದಾಟಿಸುತ್ತಾಳೆಂದು ಬೀದಿಯವರು ಹುಡುಗಿಗೆ ಗಿಳಿ ಎಂದೇ ಹೆಸರಿಟ್ಟಿದ್ದರು. ಇನ್ನು ಯಜಮಾನ, ಅಂದರೆ ಅತ್ತೆಯ ಮಗ, ಸೊಸೆಯ ಗಂಡ. ಅವನಿಗೆ ಇದು ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಲೆಯ ಮುಂದೆ ನಿಂತು ಕಿವುಡನಾಗಿರುವುದನ್ನು ಕಲಿತುಬಿಟ್ಟಿದ್ದ.

ಜಗಳ ಹುಟ್ಟಿದ್ದು ಒಂದು ಬೆಳಗಿನ ಹಿಟ್ಟಿನಿಂದ. ಆ ದಿನ ನಾದಿದ್ದು ಸೊಸೆ. ಹಿಟ್ಟು ಉಬ್ಬಲೇ ಇಲ್ಲ, ಬ್ರೆಡ್ಡು ಇಟ್ಟಿಗೆಯಾಗಿ ಹೊರಗೆ ಬಂತು. ಅಂಗಡಿ ತುಂಬ ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೆ ಅತ್ತೆ, "ಕೆಲವರ ಕೈಗುಣಾನೇ ಹಾಗೆ, ಮುಟ್ಟಿದ್ದು ಏಳಲ್ಲ" ಎಂದುಬಿಟ್ಟಳು. ಯಾರೋ ನಕ್ಕರು. ಸೊಸೆ ಕೈ ತೊಳೆದುಕೊಂಡು ಹೊರಗೆ ಬಂದು ಕೌಂಟರಿನಲ್ಲಿ ನಿಂತವಳು ಆಮೇಲೆ ಹಿಟ್ಟು ಮುಟ್ಟಲಿಲ್ಲ, ಅತ್ತೆಯೊಡನೆ ಒಂದು ಮಾತೂ ಆಡಲಿಲ್ಲ. ವಾರದಲ್ಲಿ ಸರಿಹೋಗಬೇಕಾದ ಜಗಳ. ಅವಳೇ ಮೊದಲು ಬರಲಿ ಎಂದು ಇವಳು, ಇವಳೇ ಬರಲಿ ಎಂದು ಅವಳು ಕೂತರು. ಹಠಕ್ಕೆ ಕೂತವರಿಗೆ ವರ್ಷ ಹೋದದ್ದು ಎಲ್ಲಿ ಗೊತ್ತಾಗುತ್ತದೆ.

ಹೀಗಿರುವಾಗ ಸೊಸೆಯ ಎಡಗಡೆಯ ಮೊಲೆಯಲ್ಲಿ ಗಂಟು ಕಾಣಿಸಿಕೊಂಡಿತು. ಪರೀಕ್ಷೆಯಾಯಿತು, ಕ್ಯಾನ್ಸರ್ ಎಂದರು, ಆಪರೇಷನ್ ಆಯಿತು. ಗಾಯ ಒಣಗಿದ ಮೇಲೆ ಕಿಮೋ ಶುರು ಮಾಡಬೇಕು, ಮೂರು ವಾರಕ್ಕೊಂದರಂತೆ ಆರು ಸಲ, ಒಂದನ್ನೂ ತಪ್ಪಿಸಬಾರದು ಎಂದು ಡಾಕ್ಟರಮ್ಮ ಹೇಳಿದರು. ಆ ಮಾತನ್ನು ಗಿಳಿ ಅಜ್ಜಿಗೆ ಹಾಗೇ ದಾಟಿಸಿದಳು. ಅತ್ತೆ ಹಲಗೆಯ ಮೇಲಿನ ಹಿಟ್ಟನ್ನು ಬಹಳ ಹೊತ್ತು ನಾದಿದಳು. ಆಮೇಲೆ ಇನ್ನು ಮನೆಯ ಅಡುಗೆಯನ್ನೂ ತಾನೇ ನೋಡಿಕೊಳ್ಳುತ್ತೇನೆ, ಕೌಂಟರಿಗೆ ಮಧ್ಯಾಹ್ನದವರೆಗೆ ತಾನೇ ನಿಲ್ಲುತ್ತೇನೆ ಎಂದಳು. ಹೇಳಿದ್ದು ಗಿಳಿಗೆ.

ಬೀದಿಯಲ್ಲಿ ಹೋಗುವವರು ಆ ಬೇಕರಿಯ ಮುಂದೆ ಹೆಜ್ಜೆ ನಿಧಾನ ಮಾಡುವುದೇ ವಾಸನೆಗೆ. ಬೆಳಗಿನ ಮೊದಲ ಒಲೆಯ ಬ್ರೆಡ್ಡು ಹೊರಬಂದಾಗ ಎದುರುಮನೆಯ ಮಕ್ಕಳಿಗೆ ಎಚ್ಚರವಾಗುತ್ತದೆ. ಮೊದಲ ಕಿಮೋ ಆದಮೇಲೆ ಅದೇ ವಾಸನೆ ಸೊಸೆಗೆ ಯಮನಾಯಿತು. ಬೆಣ್ಣೆ ಕರಗಿದರೆ ಹೊಟ್ಟೆ ತೊಳೆಸುತ್ತಿತ್ತು, ರಸ್ಕು ಸುಟ್ಟರೆ ಬಕೆಟ್ಟಿಗೆ ಬಗ್ಗುತ್ತಿದ್ದಳು. ಕಿಟಕಿ ತೆಗೆದರೆ ಬೀದಿಯ ಕಡೆಯಿಂದ ವಾಸನೆ, ಮುಚ್ಚಿದರೆ ಒಲೆಯ ಕಡೆಯಿಂದ. ಅತ್ತೆ ಗಂಜಿ ಮಾಡಿ ಕಳಿಸಿದಳು, ಬೇಯಿಸಿದ ಆಲೂಗಡ್ಡೆ ಕಳಿಸಿದಳು, ನಿಂಬೆಹಣ್ಣು ಹಿಂಡಿದ ನೀರು ಕಳಿಸಿದಳು. ಹೋದ ತಟ್ಟೆ ಹೋದ ಹಾಗೇ ಹಿಂದೆ ಬಂತು. ಅತ್ತೆಗೆ ಸಿಟ್ಟು ಬಂತು. ತಾನು ಮಾಡಿದ್ದು ಎನ್ನುವ ಕಾರಣಕ್ಕೇ ತಿನ್ನುತ್ತಿಲ್ಲ ಎಂದು ಮಗನ ಹತ್ತಿರ ಹೇಳಿದಳು. ಮಗ ಟ್ರೇ ಎಳೆಯುವುದರಲ್ಲಿ ಮುಳುಗಿಹೋದ.

ಎರಡನೆಯ ಕಿಮೋಗೆ ಗಿಳಿ ರಜೆ ಹಾಕಿ ಅಮ್ಮನ ಜೊತೆ ಹೋಗಿದ್ದಳು. ಆ ವಾರ್ಡಿನಲ್ಲಿ ಸಾಲಾಗಿ ಕುರ್ಚಿಗಳು, ಒಂದೊಂದು ಕುರ್ಚಿಯ ಪಕ್ಕಕ್ಕೂ ಒಂದು ಕಂಬ, ಕಂಬಕ್ಕೊಂದು ಬಾಟಲಿ. ಸೊಸೆಗೆ ಔಷಧಿ ಹೋಗುತ್ತಿದ್ದದ್ದು ಬಲಗಡೆ ಕತ್ತಿನ ಮೂಳೆಯ ಕೆಳಗೆ ಚರ್ಮದೊಳಗೆ ಕೂರಿಸಿದ್ದ, ಅಂಗಿಯ ಗುಂಡಿಯಂಥ ಸಣ್ಣ ಪೋರ್ಟಿನ ಮೂಲಕ. ಸೂಜಿ ಚುಚ್ಚಿದ ನರ್ಸಮ್ಮ ಹೋದ ಸಲದ ವಾಂತಿಯ ಕಥೆ ಕೇಳಿ, ಡಾಕ್ಟರಮ್ಮನನ್ನು ಒಂದು ಮಾತು ವಿಚಾರಿಸಿ ಬಂದು, ಆಕ್ಯುಪ್ರೆಶರ್ ಮಾಡಿ ನೋಡೋಣ ಎಂದಳು. ಸೊಸೆಯ ಎಡಗೈಯ ಮೂರು ಬೆರಳನ್ನು ಅವಳದೇ ಬಲಗೈಯ ಮಣಿಕಟ್ಟಿನ ಗೆರೆಯ ಮೇಲೆ ಅಡ್ಡ ಇಡಿಸಿದಳು.

"ಇಷ್ಟು ಮೇಲೆ. ಎರಡು ನರ ಸಿಗ್ತಾವಲ್ಲ, ಅವೆರಡರ ನಡುವೆ. ಹೆಬ್ಬೆರಳಲ್ಲಿ ಒತ್ತಿ ಹಿಡೀಬೇಕು, ನೋವಾಗೋಷ್ಟು ಬೇಡ. ಆಪರೇಷನ್ ಆದ ಕಡೆಯ ಕೈ ಮುಟ್ಟಲೇಬೇಡಿ. ಮತ್ತೆ ಮಾತ್ರೆ ನಿಲ್ಲಿಸ್ಬೇಡಿ. ಇದು ಮಾತ್ರೆ ಜೊತೆಗೆ, ಮಾತ್ರೆ ಬದಲಿಗಲ್ಲ."

ಒತ್ತಿದ ಸ್ವಲ್ಪ ಹೊತ್ತಿಗೆ ಸೊಸೆಗೆ ಒಂದಿಷ್ಟು ಹಗುರವಾಯಿತು. ಎಲ್ಲರಿಗೂ ಆಗುತ್ತದೆಂದಲ್ಲ, ಕೆಲವರಿಗೆ ಆಗುತ್ತದೆ ಎಂದು ನರ್ಸಮ್ಮ ಮೊದಲೇ ಹೇಳಿದ್ದಳು. ತೊಂದರೆಯೇನೆಂದರೆ ಆಪರೇಷನ್ ಆದಮೇಲೆ ಸೊಸೆಯ ಎಡಗೈಗೆ ಲೋಟ ಎತ್ತುವಷ್ಟೂ ಬಲವಿರಲಿಲ್ಲ. ತನ್ನ ಕೈಯನ್ನು ತಾನೇ ಒತ್ತಿಕೊಳ್ಳುವ ಹಾಗಿರಲಿಲ್ಲ, ಇನ್ನೊಬ್ಬರು ಬೇಕಿತ್ತು. ಯಜಮಾನ ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತು ಮಧ್ಯಾಹ್ನ ಹೆಣದ ಹಾಗೆ ಮಲಗುತ್ತಿದ್ದ. ಗಿಳಿ ಹೊರಟರೆ ಬರುವುದು ಸಂಜೆಗೆ. ಹಗಲೆಲ್ಲ ಮನೆಯಲ್ಲಿ ಕೈ ಖಾಲಿ ಮಾಡಿಕೊಳ್ಳಬಲ್ಲವಳು ಒಬ್ಬಳೇ ಒಬ್ಬಳು, ಅತ್ತೆ.

ಗಿಳಿ ಅಜ್ಜಿಗೆ ಅದನ್ನು ಕಲಿಸಿದ್ದು ಮರುದಿನ ಬೆಳಿಗ್ಗೆ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಾ. ಬಲಗೈ ಮಾತ್ರ, ಮಣಿಕಟ್ಟಿನ ಗೆರೆಯಿಂದ ಮೇಲಕ್ಕೆ ಮೂರು ಬೆರಳು, ಎರಡು ನರದ ನಡುವೆ, ಹೆಬ್ಬೆರಳಲ್ಲಿ ಒತ್ತಬೇಕು. ಇಷ್ಟು ಹೇಳಿ ಗಾಳಿಯಲ್ಲಿ ಒಮ್ಮೆ ಒತ್ತಿ ತೋರಿಸಿ, ಬಸ್ಸು ಬಂತೆಂದು ಓಡಿದಳು. ಎಲ್ಲ ಮಾತನ್ನೂ ಅಕ್ಷರ ತಪ್ಪದೆ ದಾಟಿಸುವ ಹುಡುಗಿ ಅಂದು ಒಂದು ಮಾತು ಬಿಟ್ಟಳು. ಮೂರು ಬೆರಳು ಎಂದಳೇ ಹೊರತು ಯಾರ ಬೆರಳು ಎನ್ನಲಿಲ್ಲ.

ಅತ್ತೆಯ ಬೆರಳೆಂದರೆ ನಲವತ್ತು ವರ್ಷ ಹಿಟ್ಟು ನಾದಿದ ಬೆರಳು. ಅವಳ ಎರಡು ಬೆರಳು ಕೂಡಿದರೆ ಸೊಸೆಯ ಮೂರಕ್ಕೆ ಸಮ. ಅವಳು ಅಳೆದ ಜಾಗ ಮಣಿಕಟ್ಟು ಬಿಟ್ಟು ಮೊಣಕೈಯ ದಾರಿ ಹಿಡಿದಿತ್ತು. ಅಲ್ಲಿ ಹೆಬ್ಬೆರಳಿಟ್ಟು, ತಳಕ್ಕಂಟಿದ ಹಿಟ್ಟನ್ನು ಎಬ್ಬಿಸುವವಳ ಹಾಗೆ ಒತ್ತಿದಳು.

ಅದು ನೋಡುವ ಹಾಗಿತ್ತು. ಅತ್ತೆ ಕೈ ಒರೆಸಿಕೊಂಡು ಬಂದು ಮಂಚದ ಪಕ್ಕ ಸ್ಟೂಲು ಎಳೆದು, ನೀರಿನ ಜಗ್ಗಿಗೆ ಹೇಳುವಳು: "ಕೈ ಈ ಕಡೆ ಬಂದ್ರೆ ಒತ್ತಬಹುದು." ಸೊಸೆ ಸೂರಿನ ಫ್ಯಾನನ್ನು ನೋಡುತ್ತಾ ಕೈ ಚಾಚುವಳು. ಒಬ್ಬಳು ಜಗ್ಗು ನೋಡುತ್ತಾ ಒತ್ತುತ್ತಿದ್ದಳು, ಇನ್ನೊಬ್ಬಳು ಫ್ಯಾನು ನೋಡುತ್ತಾ ಒತ್ತಿಸಿಕೊಳ್ಳುತ್ತಿದ್ದಳು. ಒಲೆಯಲ್ಲಿ ಇನ್ನೊಂದು ಟ್ರೇ ಬೇಯುವ ಹೊತ್ತಿಗೆ ಅತ್ತೆ ಎದ್ದು ಹೋಗುವಳು. ದಿನಕ್ಕೆ ಹಲವು ಸಲ ಹೀಗೆ ನಡೆಯಿತು. ಮೂರು ವರ್ಷದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

ವಾಂತಿ ನಿಲ್ಲಲಿಲ್ಲ. ನಿಲ್ಲುವುದು ಹೇಗೆ, ಜಾಗವೇ ಅದಲ್ಲ. ಸೊಸೆಗೆ ಅದು ಮೊದಲ ದಿನವೇ ಗೊತ್ತಾಗಿತ್ತು, ನರ್ಸಮ್ಮ ತೋರಿಸಿದ ಜಾಗ ಅವಳಿಗೆ ಚೆನ್ನಾಗಿ ನೆನಪಿತ್ತು. ಸ್ವಲ್ಪ ಕೆಳಗೆ ಎಂದಿದ್ದರೆ ಸಾಕಿತ್ತು. ಎಂದರೆ ತಾನೇ ಮೊದಲು ಮಾತಾಡಿದ ಹಾಗಾಗುತ್ತದಲ್ಲ. ಹಲ್ಲು ಕಚ್ಚಿ ಒತ್ತಿಸಿಕೊಂಡಳು, ಅತ್ತೆ ಎದ್ದು ಹೋದಮೇಲೆ ಬಕೆಟ್ಟು ಎಳೆದುಕೊಂಡಳು. ಗಿಳಿಗೂ ಹೇಳಲಿಲ್ಲ. ಹೆಂಗಸಿನ ಹಠಕ್ಕೆ ಮೆಚ್ಚಬೇಕು, ಪ್ರಾಣ ಹೋದರೂ ಮಾನ ಹೋಗಬಾರದು ಎನ್ನುವ ಪೈಕಿ. ಅತ್ತೆಯೂ ಕಡಿಮೆಯೇನಲ್ಲ. ನೋವಾಗುತ್ತಿದೆಯೇ ಎಂದು ಒಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಬದಲಿಗೆ ಇದೆಲ್ಲ ಬರೀ ಬೂಟಾಟಿಕೆ, ಕೈ ಒತ್ತಿದರೆ ಹೊಟ್ಟೆ ನಿಲ್ಲುವುದಾದರೆ ಕಾಲು ಒತ್ತಿದರೆ ತಲೆನೋವು ಹೋಗಬೇಕಿತ್ತು ಎಂದು ಒಲೆಯ ಮುಂದೆ ಗೊಣಗಿದಳು. ಗೊಣಗಿದರೂ ಮರುದಿನ ಸ್ಟೂಲು ಎಳೆಯುವುದು ಬಿಡಲಿಲ್ಲ.

ಮೂರನೆಯ ಕಿಮೋಗೆ ಹೋದಾಗ ಸೊಸೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಡಾಕ್ಟರಮ್ಮ ಮುಖ ಚಿಕ್ಕದು ಮಾಡಿದರು. ಹೀಗೇ ಇಳಿಯುತ್ತಾ ಹೋದರೆ ಮುಂದಿನದನ್ನು ಮುಂದೂಡಬೇಕಾಗುತ್ತದೆ, ಮುಂದೂಡಿದರೆ ಔಷಧಿಯ ಬಲ ತಪ್ಪುತ್ತದೆ, ಊಟ ಒಳಗೆ ನಿಲ್ಲುವ ಹಾಗೆ ನೋಡಿಕೊಳ್ಳಿ ಎಂದರು. ವಾಂತಿಯ ಮಾತ್ರೆಯನ್ನೂ ಬದಲಿಸಿದರು. ಮನೆಗೆ ಬಂದದ್ದೇ ಗಂಡಹೆಂಡಿರಿಗೆ ಜಗಳವಾಯಿತು. ಒಂದು ವಾರ ಒಲೆ ಹಚ್ಚಬೇಡಿ ಎಂದು ಸೊಸೆ. ಹೋಟೆಲಿನವರು ಒಂದು ದಿನ ಬ್ರೆಡ್ಡು ಬರದಿದ್ದರೆ ಬೇರೆ ಬೇಕರಿ ಹಿಡಿಯುತ್ತಾರೆ, ಆಮೇಲೆ ಆಸ್ಪತ್ರೆಗೆ ಏನು ಕಟ್ಟುವುದು ಎಂದು ಅವನು.

"ಹಾಗಾದ್ರೆ ನಾನು ಈ ವಾಸನೆಯಲ್ಲೇ ಸಾಯ್ಲಾ?"

"ನಾನು ಹಾಗಂದ್ನಾ? ಅಮ್ಮನಿಗೆ ಕೇಳು ಬೇಕಾದ್ರೆ."

"ಕೇಳ್ತೀನಿ, ತಕ್ಕಡಿ ಕೊಡಿ ಇಲ್ಲಿ."

ಯಜಮಾನನಿಗೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಎರಡನ್ನೂ ಹೆಂಡತಿಗೆ ತೋರಿಸದೆ ಎದ್ದು ಹೋಗಿ ಒಂದು ಹಳೆಯ ಎಕ್ಸಾಸ್ಟ್ ಫ್ಯಾನು ತಂದು ಒಲೆಯ ಮೇಲಿನ ಗೋಡೆ ಒಡೆದು ಕೂರಿಸಿದ. ಮಲಗುವ ಕೋಣೆಯ ಬಾಗಿಲ ಸಂದಿಗೆ ಹಿಟ್ಟಿನ ಚೀಲ ಮಡಿಸಿ ತುರುಕಿದ.

ಭಾನುವಾರ ಗಿಳಿ ಅಮ್ಮನಿಗೆ ಉದ್ದ ತೋಳಿನ ಅಂಗಿ ಬದಲಿಸುವಾಗ ಬಲಗೈಯ ನಡುಭಾಗದಲ್ಲಿ ನೀಲಿಗಟ್ಟಿದ ಗುರುತು ಕಂಡಳು. ಹೆಬ್ಬೆರಳಿನಷ್ಟೇ ಅಗಲ. ಇದೇನೆಂದು ಕೇಳಿದಳು. ನಿಮ್ಮಜ್ಜಿಯ ಔಷಧಿ ಎಂದಳು ಸೊಸೆ. ಗಿಳಿ ಅಮ್ಮನ ಬೆರಳುಗಳನ್ನೇ ಮಣಿಕಟ್ಟಿನ ಮೇಲಿಟ್ಟು ಅಳೆದಳು. ನೀಲಿ ಗುರುತು ಎಲ್ಲಿ, ಒತ್ತಬೇಕಾದ ಜಾಗ ಎಲ್ಲಿ. ನಿನಗೆ ಗೊತ್ತಿತ್ತಾ ಎಂದರೆ ಅಮ್ಮ ಫ್ಯಾನು ನೋಡಿದಳು. ಹುಡುಗಿ ಪರದೆ ಸರಿಸಿಕೊಂಡು ಹಿಟ್ಟಿನ ಹಲಗೆಯ ಹತ್ತಿರ ಹೋದಳು.

"ಅಜ್ಜಿ, ಯಾರ ಬೆರಳಲ್ಲಿ ಅಳೆದ್ರಿ?"

"ನನ್ನ ಬೆರಳಲ್ಲೇ. ಇನ್ನೇನು ಪಕ್ಕದ ಮನೆಯಿಂದ ಕಡ ತರ್ಬೇಕಿತ್ತಾ?"

"ಅಮ್ಮನ ಬೆರಳಲ್ಲಿ ಅಳೀಬೇಕಿತ್ತು. ಒತ್ತಿಸ್ಕೊಳ್ಳೋರ ಬೆರಳು ಲೆಕ್ಕ."

"ನೀನು ಹಾಗಂತ ಹೇಳಿದ್ಯಾ?"

ಗಿಳಿ ಚಪ್ಪಲಿ ಹುಡುಕಿದ ಆ ಬೆಳಗನ್ನು ನೆನೆಸಿಕೊಂಡಳು. ಹೇಳಿರಲಿಲ್ಲ. ಅತ್ತೆ ಅವಳ ಮುಖವನ್ನೇ ನೋಡಿ, ನಿಮ್ಮಮ್ಮನಿಗೆ ಗೊತ್ತಿತ್ತಾ ಎಂದಳು. ಗೊತ್ತಿತ್ತು ಎಂದಳು ಗಿಳಿ.

ಅತ್ತೆ ಹಿಟ್ಟಿನ ಕೈಯಲ್ಲೇ ಎದ್ದಳು. ಜಗ್ಗು ನೋಡಲಿಲ್ಲ, ಸ್ಟೂಲು ಎಳೆಯಲಿಲ್ಲ. ಮಂಚದ ಪಕ್ಕ ನಿಂತು ಸೊಸೆಯ ಮುಖವನ್ನೇ ನೋಡಿ ಹೇಳಿದಳು:

"ಎಲ್ಲಿ, ತೋರಿಸು."

ಸೊಸೆ ಫ್ಯಾನಿನಿಂದ ಕಣ್ಣು ತೆಗೆದಳು. ಆಮೇಲೆ ಎಡಗೈಯನ್ನು ಕಷ್ಟಪಟ್ಟು ಎತ್ತಿ ಮೂರು ಬೆರಳನ್ನು ಬಲಗೈಯ ಮಣಿಕಟ್ಟಿನ ಮೇಲಿಟ್ಟಳು.

"ಇಲ್ಲಿ."

ಅಷ್ಟೇ. ಅತ್ತೆ ಕೈ ತೊಳೆದು ಬಂದು ಅಲ್ಲಿ ಒತ್ತಿದಳು. ಮುಂದಿನ ದಿನಗಳಲ್ಲಿ ಮಾತೇನೂ ಹರಿಯಲಿಲ್ಲ. ಜೋರಾಯ್ತಾ, ಇಲ್ಲ, ಸಾಕಾ, ಸಾಕು. ಆದರೂ ಜಗ್ಗಿಗೆ ಆ ಕೆಲಸ ತಪ್ಪಿತು. ನೀಲಿ ಗುರುತಿನ ಬಗ್ಗೆ ಅತ್ತೆ ಏನೂ ಕೇಳಲಿಲ್ಲ, ಅದರ ಮೇಲೆ ಬೆರಳು ತಾಗದ ಹಾಗೆ ಮಾತ್ರ ನೋಡಿಕೊಂಡಳು.

ಆ ವಾರ ವಾಂತಿ ಕಡಿಮೆಯಾಯಿತು. ನಿಂತಿತು ಎನ್ನುವ ಹಾಗಿಲ್ಲ, ಬೆಳಗಿನ ಹೊತ್ತು ಹೊಟ್ಟೆ ತೊಳೆಸುತ್ತಲೇ ಇತ್ತು. ಆದರೆ ಗಂಜಿ ಒಳಗೆ ನಿಂತಿತು. ಎರಡು ದಿನ ಬಿಟ್ಟು ಬೇಯಿಸಿದ ಮೊಟ್ಟೆ ನಿಂತಿತು. ಇನ್ನೊಂದು ದಿನ ಸೊಸೆ ಅನ್ನಕ್ಕೆ ಉಪ್ಪು ಸಾಲದು ಎಂದಳು, ಅತ್ತೆ ಉಪ್ಪಿನ ಡಬ್ಬಿಯನ್ನೇ ತಂದು ಮುಂದಿಟ್ಟಳು. ಹೊಸ ಮಾತ್ರೆ ಕೆಲಸ ಮಾಡಿತೋ, ಜಾಗ ಸಿಕ್ಕ ಹೆಬ್ಬೆರಳು ಕೆಲಸ ಮಾಡಿತೋ, ಗೋಡೆ ಒಡೆದು ಕೂರಿಸಿದ ಫ್ಯಾನು ಕೆಲಸ ಮಾಡಿತೋ, ಬೇರೆ ಬೇರೆ ಮಾಡಿ ನೋಡಿದವರಾರು? ಯಜಮಾನ ಫ್ಯಾನು ಎಂದ, ಗಿಳಿ ಮಾತ್ರೆ ಎಂದಳು. ಅತ್ತೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ.

ಅನುಮಾನವಿಲ್ಲದೆ ಇದ್ದದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಆ ಬಾಯಿಗೆ ಬೀಗ ಎಲ್ಲಿಯದು? ಗಿರಾಕಿಗಳು ಸೊಸೆ ಹೇಗಿದ್ದಾಳೆಂದು ಕೇಳುವುದಕ್ಕೇ ಕಾಯುತ್ತಿದ್ದವಳು. ನಾಲ್ಕನೆಯ ಕಿಮೋದ ಹಿಂದಿನ ದಿನ, ಅಂಗಡಿ ತುಂಬ ಜನ ಇರುವಾಗ, ಬನ್ನು ಕಟ್ಟುತ್ತಾ ಹೇಳಿದಳು:

"ಡಾಕ್ಟ್ರ ಮಾತ್ರೆ ಹಾಗಿರ್ಲಿ. ನನ್ನ ಕೈಗುಣ ನೋಡಿ, ಒತ್ತಿದ್ದೇ ಒತ್ತಿದ್ದು, ಎದ್ದು ಕೂತು ಊಟ ಮಾಡ್ತಾಳೆ."

ಅಜ್ಜಿಯ ಕೈಗುಣ ಎಂದರೆ ಸುಮ್ಮನೆಯೇ ಎಂದು ಗಿರಾಕಿಗಳೂ ತಾಳ ಹಾಕಿದರು. ಪರದೆಯ ಹಿಂದೆ ಸೊಸೆ ನೀರಿನ ಲೋಟ ಹಿಡಿದು ನಿಂತಿದ್ದಳು. ಅಷ್ಟು ದಿನದ ಮೇಲೆ ಮೊದಲ ಸಲ ತಾನಾಗಿ ಎದ್ದು ಅಂಗಡಿಯ ಕಡೆ ಬಂದಿದ್ದಳು. ಹಾಗೇ ತಿರುಗಿ ಒಳಗೆ ಹೋದಳು. ಸಂಜೆ ಅತ್ತೆ ಬಂದು ಕೂತಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೈ ಹೊದಿಕೆಯೊಳಗಿತ್ತು.

ಬೆಳಿಗ್ಗೆ ಆಸ್ಪತ್ರೆಗೆ ಹೋಗಲು ಕಾರು ಬಂದು ಬಾಗಿಲಲ್ಲಿ ನಿಂತಿತು. ಸೊಸೆ ಕೋಣೆಯ ಚಿಲಕ ಹಾಕಿಕೊಂಡಿದ್ದಳು. ಯಜಮಾನ ಮೊದಲು ಮೆಲ್ಲಗೆ ಕರೆದ, ಆಮೇಲೆ ಬೇಡಿಕೊಂಡ, ಆಮೇಲೆ ಬಾಗಿಲು ಗುದ್ದಿ ಕೂಗಾಡಿದ. ಒಳಗಿನಿಂದ ಬಂದ ದನಿ ತಣ್ಣಗಿತ್ತು.

"ನಾನು ಬರಲ್ಲ ರೀ. ಈ ವಾರ ಅನ್ನದ ರುಚಿ ಗೊತ್ತಾಯ್ತು ನನಗೆ. ಮತ್ತೆ ಹೋಗಿ ಮತ್ತೆ ಆ ಬಕೆಟ್ ಮುಂದೆ ಕೂರೋಕೆ ನನ್ನ ಕೈಲಾಗಲ್ಲ. ನಿಮ್ಮಮ್ಮನ ಕೈಗುಣ ಇದೆಯಲ್ಲ. ಆಸ್ಪತ್ರೆ ಯಾಕೆ?"

ಒಂದನ್ನೂ ತಪ್ಪಿಸಬಾರದು ಎಂದಿದ್ದಾರೆ ಅಮ್ಮಾ ಎಂದು ಗಿಳಿ ಬಾಗಿಲಿಗೆ ಹಣೆ ಆನಿಸಿ ಅತ್ತಳು. ಹೊರಗೆ ಡ್ರೈವರು ಹಾರನ್ ಹೊಡೆದ. ಕೈಗುಣದ ಮಾತು ಎಲ್ಲಿಂದ ಬಂತೆಂದು ಯಜಮಾನನಿಗೆ ತಿಳಿಯಲಿಲ್ಲ, ಹಲಗೆಯ ಮುಂದೆ ಕೂತಿದ್ದವಳಿಗೆ ತಿಳಿಯಿತು. ಅತ್ತೆ ಎದ್ದು ಬಂದಳು. ಮಗನನ್ನು ಒಲೆ ನೋಡಿಕೋ ಹೋಗು ಎಂದು ಅಟ್ಟಿದಳು, ಮೊಮ್ಮಗಳ ಕೈಗೆ ಆಸ್ಪತ್ರೆಯ ಚೀಲ ಕೊಟ್ಟು ಕಾರಿನ ಹತ್ತಿರ ನಿಲ್ಲು ಎಂದಳು. ಇಬ್ಬರೂ ಎರಡು ಹೆಜ್ಜೆ ಆಚೆ ಹೋಗಿ ಅಲ್ಲೇ ನಿಂತರು. ಅತ್ತೆ ಬಾಗಿಲಿನ ಹತ್ತಿರ ಬಾಯಿ ತಂದು ಹೇಳಿದಳು:

"ಅದು ನಿನ್ನ ಕೈಯಲ್ಲ. ಈಸ್ಟು."

ಅತ್ತೆ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತಳು.

"ಅವತ್ತು ಹಿಟ್ಟು ಏಳಲಿಲ್ವಲ್ಲ, ಅದು. ಹಳೇ ಡಬ್ಬಿ ಈಸ್ಟು, ನಾನೇ ತೆಗೆದುಕೊಟ್ಟಿದ್ದೆ. ಸಂಜೆ ನಾನು ನಾದಿದ್ದೂ ಏಳಲಿಲ್ಲ. ಆವಾಗ ಗೊತ್ತಾಯ್ತು. ಡಬ್ಬಿನ ಮೋರಿಗೆ ಸುರಿದೆ. ಯಾರಿಗೂ ಹೇಳ್ಲಿಲ್ಲ."

"ಅವತ್ತು ಸಂಜೆನೇ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ವರ್ಷ ಗೊತ್ತಿತ್ತಾ?"

"ಹ್ಞೂಂ."

ಚಿಲಕ ತೆಗೆದ ಸದ್ದಾಯಿತು. ಸೊಸೆ ಹೊರಗೆ ಬಂದಳು. ಬೋಳಾದ ತಲೆಗೆ ಬಟ್ಟೆ ಸುತ್ತಿರಲಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಅಳುತ್ತಾಳೆ, ಅತ್ತೆಯ ಕೊರಳಿಗೆ ಬೀಳುತ್ತಾಳೆ ಎಂದು ಯಜಮಾನ ಅಂದುಕೊಂಡಿದ್ದ. ಅವಳಿಗ್ಯಾಕೆ ಅಳು? ಮೈಯೆಲ್ಲ ಉರಿಯುತ್ತಿತ್ತು. ಎಲ್ಲರ ಮುಂದೆ ಅಂದಿರಿ, ಎಲ್ಲರ ಮುಂದೆ ನಕ್ಕರು, ನನ್ನ ತವರಿನವರೆಗೂ ಹೋಯಿತು ಆ ಮಾತು, ನಾನು ಹಿಟ್ಟು ಮುಟ್ಟಲು ಹೆದರಿದೆ, ಕನಸಿನಲ್ಲೂ ಹೆದರಿದೆ, ನೀವು ಗೊತ್ತಿದ್ದೂ ಪರದೆಯ ಹಿಂದೆ ಕೂತಿದ್ದಿರಿ. ಮೂರು ವರ್ಷದ್ದೆಲ್ಲ ಕಟ್ಟೆಯೊಡೆದು ಬಂತು. ಮಗ ಬಿಡಿಸಲು ಬಂದರೆ ಅತ್ತೆ ಕೈ ಅಡ್ಡ ಹಿಡಿದಳು. ಬೈಸಿಕೊಳ್ಳುತ್ತಲೇ ಒಂದೊಂದು ಹೆಜ್ಜೆ ಹಿಂದಕ್ಕೆ ಇಡುತ್ತಾ ಅಂಗಡಿ ದಾಟಿದಳು, ಮೆಟ್ಟಿಲು ಇಳಿದಳು. ಸೊಸೆ ಬಿಡದೆ ಬೆನ್ನು ಹತ್ತಿದಳು. ಬ್ರೆಡ್ಡಿಗೆ ಬಂದ ಗಿರಾಕಿಗಳು ದಾರಿ ಬಿಟ್ಟು ನಿಂತರು. ಅತ್ತೆ ಕಾರಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತುಬಿಟ್ಟಳು.

"ನಿಂತ್ಕೊಂಡು ಬೈದ್ರೆ ಕಾಲು ನೋಯುತ್ತೆ. ಕೂತ್ಕೊಂಡು ಬೈಯಿ, ಬಾ."

ಸೊಸೆಗೆ ಆ ಕ್ಷಣಕ್ಕೆ ಜಗಳ ಬಿಡುವ ಮನಸ್ಸಿರಲಿಲ್ಲ. ಹತ್ತಿ ಕೂತಳು. ಗಿಳಿ ಚೀಲ, ಚಪ್ಪಲಿ, ತಲೆಯ ಬಟ್ಟೆ ಎಲ್ಲ ಬಾಚಿಕೊಂಡು ಮುಂದಿನ ಸೀಟಿಗೆ ಹಾರಿದಳು. ಡ್ರೈವರು ರೇಡಿಯೊ ಸಣ್ಣದು ಮಾಡಿದ.

ದಾರಿಯುದ್ದಕ್ಕೂ ಜಗಳವೇ. ಒಮ್ಮೆ ಅತ್ತೆಯೂ ತಿರುಗಿಬಿದ್ದಳು. ಜಾಗ ತಪ್ಪೆಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ, ನೀನೇನು ಕಮ್ಮಿಯೇ, ಮೈ ನೀಲಿಗಟ್ಟಿದರೂ ಹಠ ಬಿಡಲಿಲ್ಲ ಎಂದಳು. ಅದಕ್ಕೆ ಸೊಸೆ ಇನ್ನೂ ಜೋರಾಗಿ ಬೈದಳು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ಬೈದಳು, ತೂಕದ ಯಂತ್ರದ ಮೇಲೆ ನಿಂತೂ ಬೈದಳು. ತೂಕ ಇಳಿದಿರಲಿಲ್ಲ. ಇಲ್ಲಿ ಬೇರೆ ಪೇಷಂಟುಗಳಿದ್ದಾರೆ, ದನಿ ತಗ್ಗಿಸಿ ಎಂದು ನರ್ಸಮ್ಮ ಗದರಿ ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿದಳು. ಕತ್ತಿನ ಕೆಳಗೆ ಸೂಜಿ ಕೂತಿತು, ಬಾಟಲಿಯಿಂದ ಔಷಧಿ ಇಳಿಯತೊಡಗಿತು. ಗಿಳಿ ನೀರು ತರುತ್ತೇನೆಂದು ಹೊರಗೆ ಹೋಗಿ ಅಲ್ಲೇ ಗೋಡೆಗೆ ಒರಗಿ ಕೂತಳು.

ಅತ್ತೆ ಪಕ್ಕದ ಸ್ಟೂಲಿನಲ್ಲಿ ಕೂತು ಕೈ ಚಾಚಿದಳು. ಅವಸರದಲ್ಲಿ ಕೈ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿತ್ತು. ಸೊಸೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಮೊದಲು ಉತ್ತರ ಹೇಳಿ, ಯಾಕೆ ಹೇಳಲಿಲ್ಲ ಎಂದಳು.

"ನಾಚಿಕೆ ಆಯ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ದಿನ ಹೋದಷ್ಟೂ ನಾಚಿಕೆ ಜಾಸ್ತಿ ಆಯ್ತು."

"ಎಷ್ಟು ಸುಲಭವಾಗಿ ಹೇಳ್ತೀರಿ."

"ಸುಲಭ ಆಗಿದ್ರೆ ಅವತ್ತೇ ಹೇಳ್ತಿರ್ಲಿಲ್ವಾ?"

ಸೊಸೆ ಬಾಟಲಿಯ ಕಡೆ ನೋಡಿದಳು. ಮುಖ ಬಿಳಿಚಿಕೊಳ್ಳುತ್ತಿತ್ತು. ಗಂಟಲಲ್ಲಿ ಏನೋ ಏಳುತ್ತಿರುವುದು ಅತ್ತೆಗೆ ಕಾಣುತ್ತಿತ್ತು, ಆದರೂ ಕೈ ಹಿಡಿಯಲು ಹೋಗಲಿಲ್ಲ.

"ನಾನು ಇದನ್ನ ಮರೆಯಲ್ಲ. ಇವತ್ತಿಗೆ ಮುಗಿಯೋ ಜಗಳ ಅಲ್ಲ ಇದು."

"ಮುಗೀದೇ ಇರ್ಲಿ" ಎಂದಳು ಅತ್ತೆ. ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಒಡೆಯಿತು. "ಇನ್ನೂ ಇಪ್ಪತ್ತು ವರ್ಷ ಬೈಯಿ. ಕೇಳೋಕೆ ನಾನಿರ್ತೀನೋ ಇಲ್ವೋ. ಬೈಯೋಕೆ ನೀನಿರ್ಬೇಕು."

ಸೊಸೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಒಂದು ಸಲ ಮುಂದಕ್ಕೆ ಬಾಗಿದಳು. ಮತ್ತೆ ಹಿಂದಕ್ಕೆ ಒರಗಿ ಬಲಗೈಯನ್ನು ಅಂಗೈ ಮೇಲಾಗಿ ಅತ್ತೆಯ ತೊಡೆಯ ಮೇಲೆ ಇಟ್ಟಳು.

"ಒತ್ತಿ ಅತ್ತೆ. ಉಳಿದಿದ್ದು ಮನೆಗೆ ಹೋದ್ಮೇಲೆ ಬೈತೀನಿ."